ನಾಲ್ಕನೇ ನಂಬರಿನ ರಕ್ತ

ಹನ್ನೊಂದನೆಯ ಕಂತು

"ಮುಚ್ಚಳ ಮುಟ್ಟಬೇಡಿ ಸಾರ್. ಒಳಗೆ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗ್ತಾ ಇದೆ."

ನಾನು ಕೈ ಹಿಂದಕ್ಕೆಳೆದುಕೊಂಡೆ. ದೊಡ್ಡಪ್ಪ ನನ್ನ ಕಡೆ ತಿರುಗಿಯೂ ನೋಡಿರಲಿಲ್ಲ. ಬೆನ್ನಿಗೂ ಎರಡು ಕಣ್ಣಿಟ್ಟುಕೊಂಡ ಮನುಷ್ಯ ಆತ.

ಈ ರಕ್ತ ಸಂಶೋಧನಾಲಯದಲ್ಲಿ ಮುಖ್ಯಸ್ಥರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು ದೊಡ್ಡಪ್ಪನೇ. ಕೆಲಸ ರಕ್ತ ತೊಳೆಯುವುದು. ಕೊಟ್ಟವರ ತೋಳಿನಿಂದ ರಕ್ತ ಎಳೆದು, ಯಂತ್ರದಲ್ಲಿ ತಿರುಗಿಸಿ, ಕೆಂಪುಕಣಗಳನ್ನು ಬೇರೆ ಮಾಡಿ, ಉಪ್ಪುನೀರಿನಲ್ಲಿ ಮೂರು ಸಲ ಜಾಲಾಡಿ ಸಂಶೋಧಕರ ಕೈಗೆ ಕೊಡಬೇಕು. ಮೂವತ್ತೊಂದು ವರ್ಷದಿಂದ ಅದೇ ಕೋಣೆ, ಅದೇ ಸ್ಟೂಲು.

ನಾನು ಬಂದದ್ದು ಆ ಸ್ಟೂಲಿನ ನೆಮ್ಮದಿ ಕೆಡಿಸಲು. ಎಲ್ಲರೂ ಇರುವೆ ಎಂದು ಕರೆಯುವ ಹುಡುಗಿ ಊರು ಬಿಟ್ಟು ಅಂದಿಗೆ ತೊಂಬತ್ತಾರು ದಿನವಾಗಿತ್ತು. ಮುಖ್ಯಸ್ಥರು ಬೀರುವಿನಲ್ಲಿ ಬಚ್ಚಿಟ್ಟಿದ್ದ ಆಕೆಯ ಪರೀಕ್ಷೆಯ ಮೂರು ಫಿಲ್ಮುಗಳು ನನ್ನ ಕೈಸೇರಿ ಎರಡು ದಿನವಾಗಿತ್ತು.

ಯಂತ್ರ ನಿಂತಿತು. ದೊಡ್ಡಪ್ಪ ಮುಚ್ಚಳ ತೆಗೆದು ಒಂದು ಕೊಳವೆಯನ್ನು ಬೆಳಕಿಗೆ ಹಿಡಿದರು. ತಳದಲ್ಲಿ ಗಟ್ಟಿ ಕೆಂಪು, ಮೇಲೆ ತಿಳಿಹಳದಿ ನೀರು. ಎರಡರ ನಡುವೆ ಹಾಲಿನ ಕೆನೆಯಂತೆ ಒಂದು ತೆಳು ಬಿಳಿ ಪದರ.

"ಇದೇ ಬಿಳಿಕಣದ ಪದರ," ಎಂದರು. "ಇದು ಒಂದು ಚೂರು ಉಳಿದ್ರೂ ಮೇಲಿರೋರ ಪರೀಕ್ಷೆ ಕೆಟ್ಟುಹೋಗತ್ತೆ. ಕೆಂಪುಕಣದಲ್ಲಿ ಇಲ್ಲದ್ದೆಲ್ಲ ಇದೆ ಅಂತ ತೋರಿಸಿಬಿಡತ್ತೆ."

ಗಾಜಿನ ನಳಿಕೆ ಇಳಿಸಿ ಆ ಪದರವನ್ನು ಹೀರಿದರು. ಅದರ ಜೊತೆಗೆ ಮೇಲಿನ ಕೆಂಪನ್ನೂ ಒಂದು ಬೆರಳಿನಷ್ಟು ತೆಗೆದು ಚೆಲ್ಲಿದರು. ಕೈ ಒಂದಿಷ್ಟೂ ನಡುಗಲಿಲ್ಲ. ಆಮೇಲೆ ನನ್ನನ್ನು ನೋಡಿ ಹೆಮ್ಮೆಯಿಂದ ನಕ್ಕರು. ಹಲ್ಲಿನ ಬುಡಗಳು ಕಪ್ಪಗಿದ್ದವು.

ನನ್ನ ಹೆಂಡತಿಗೆ ಎರಡನೇ ಹೆರಿಗೆಯಾದಾಗ ಹಲ್ಲು ಹೀಗೇ ಆಗಿತ್ತು. ಕಬ್ಬಿಣದ ಟಾನಿಕ್ಕು ಕುಡಿದವರ ಹಲ್ಲು ಅದು. ನಾನು ಸದ್ಯಕ್ಕೆ ಬಾಯಿ ಬಿಡಲಿಲ್ಲ.

"ಅವತ್ತು ವಿಚಾರಣೆಯಲ್ಲೂ ನೀವು ಇದನ್ನೇ ಹೇಳಿದ್ರಿ," ಎಂದೆ.

"ಏನು ಹೇಳಿದ್ದೆ?"

"ನನ್ನ ಕೈಯಲ್ಲಿ ಬಿಳಿ ಪದರ ಉಳಿಯಲ್ಲ, ನಾನು ಕೊಟ್ಟ ರಕ್ತ ಚೊಕ್ಕ ಅಂತ."

"ಹೌದು, ಹೇಳ್ದೆ. ಸುಳ್ಳೇನಲ್ಲವಲ್ಲ?"

ಸುಳ್ಳಲ್ಲ. ನಾನು ಮತ್ತೆ ಇಲ್ಲಿಗೆ ಬಂದದ್ದೇ ಅದಕ್ಕೆ.

ಇರುವೆ ಇಲ್ಲಿನ ಕಿರಿಯ ಸಂಶೋಧಕಿ. ಸದಾ ಏನೋ ಹೊತ್ತುಕೊಂಡು ಗೋಡೆ ಪಕ್ಕದಲ್ಲೇ ಸರಸರ ಓಡಾಡುತ್ತಿದ್ದಳೆಂದು ಆ ಅಡ್ಡಹೆಸರು. ಅವಳು ಕಂಡದ್ದು ಒಂದು ಪ್ರೋಟೀನು. ನಮ್ಮ ಜೀವಕೋಶಗಳ ಒಳಗೆ ಸಣ್ಣ ಸಣ್ಣ ಪಂಪುಗಳಿವೆಯಂತೆ. ಪ್ರೋಟಾನುಗಳನ್ನು ನೂಕಿ ನೂಕಿ ಕೆಲವು ಚೀಲಗಳ ಒಳಗನ್ನು ಹುಳಿಯಾಗಿ ಇಡುತ್ತವಂತೆ. ಆ ಪಂಪಿನ ಜೋಡಣೆಗೆ ಸಹಾಯ ಮಾಡುವ ಈ ಪ್ರೋಟೀನಿಗೆ ಇಲ್ಲಿನವರು 'ಕೈಯಾಳು' ಎನ್ನುತ್ತಾರೆ. ಬಲಿತ ಕೆಂಪುಕಣದಲ್ಲಿ ಆ ಚೀಲಗಳೂ ಇಲ್ಲ, ಪಂಪಿಗೆ ಕೆಲಸವೂ ಇಲ್ಲ. ಆದರೂ ಕೈಯಾಳು ಇದ್ದಾನೆ ಎಂದಳು ಇರುವೆ. ಮೂರು ವಾರ ಸತತವಾಗಿ ತೋರಿಸಿದಳು.

ಆರು ವಾರ ಬಿಟ್ಟು ಬೇರೆಯವರು ನೋಡಿದರೆ ಕೈಯಾಳು ಮಾಯ. ಅವಳೇ ಮಾಡಿ ನೋಡಿದಳು. ಆಗಲೂ ಮಾಯ.

ವಿಚಾರಣೆ ಕೂತಿತು. ನಾಲ್ಕು ಜನರ ಸಮಿತಿ. ಹೊರಗಿನವರೊಬ್ಬರು ಇರಲಿ ಎಂದು ನಿವೃತ್ತ ಪೊಲೀಸ್ ಅಧಿಕಾರಿಯಾದ ನನ್ನನ್ನೂ ಕೂರಿಸಿದರು. ನನಗೆ ಪ್ರೋಟೀನೂ ಗೊತ್ತಿರಲಿಲ್ಲ, ಪಂಪೂ ಗೊತ್ತಿರಲಿಲ್ಲ. ಆದರೆ ತರ್ಕ ಗೊತ್ತು ಎಂಬ ಜಂಬ ಬೇಕಾದಷ್ಟಿತ್ತು. ರಕ್ತದಲ್ಲಿ ಬಿಳಿಕಣ ಬೆರೆತಿದ್ದರೆ ಅದು ತಪ್ಪು, ಕ್ಷಮಿಸಬಹುದು. ಆದರೆ ದೊಡ್ಡಪ್ಪ ರಕ್ತ ಚೊಕ್ಕವಾಗಿತ್ತು ಎನ್ನುತ್ತಿದ್ದಾರೆ. ಹಾಗಾದರೆ ಅಂದು ಕಂಡದ್ದು ಇಂದು ಕಾಣುವುದಿಲ್ಲವೆಂದರೆ ಹುಡುಗಿಯೇ ಕೈಚಳಕ ತೋರಿಸಿದ್ದಾಳೆ. ಹೀಗೆಂದು ಅಚ್ಚುಕಟ್ಟಾಗಿ ವಾದಿಸಿದವನು ನಾನು. ವರದಿಗೆ ಮೊದಲು ಸಹಿ ಹಾಕಿದವನೂ ನಾನೇ.

ಅವಳು ಎದ್ದು ಹೋಗುವಾಗ ಬಾಗಿಲ ಚೌಕಟ್ಟು ಹಿಡಿದು ಒಂದು ಗಳಿಗೆ ನಿಂತಿದ್ದಳು. ಸಿಕ್ಕಿಬಿದ್ದವರೆಲ್ಲ ಹೀಗೇ ಎಂದು ಪಕ್ಕದವರ ಕಿವಿಯಲ್ಲಿ ಹೇಳಿದೆ. ಆ ಮಾತನ್ನು ಈಗ ಯಾರಾದರೂ ಆ ಕಿವಿಯಿಂದ ಕಿತ್ತು ನನಗೆ ವಾಪಸು ಕೊಟ್ಟರೆ ಅವರ ಕಾಲಿಗೆ ಬೀಳುತ್ತೇನೆ.

ವಾರದೊಳಗೆ ಅವಳು ಮನೆ ಬಿಟ್ಟು ಹೋದಳು. "ಹುಡುಕಬೇಡ" ಎಂಬ ಒಂದು ಸಾಲಿನ ಚೀಟಿ ಅಕ್ಕನಿಗೆ ಸಿಕ್ಕಿತ್ತು.

ನಾನು ಚೀಲದಿಂದ ಮೂರು ಫಿಲ್ಮು ತೆಗೆದು ದೊಡ್ಡಪ್ಪನ ಬೆಳಕಿನ ಪೆಟ್ಟಿಗೆಯ ಮೇಲೆ ಸಾಲಾಗಿ ಇಟ್ಟೆ. ಒಂದೊಂದು ವಾರಕ್ಕೆ ಒಂದೊಂದು. ಪ್ರತಿಯೊಂದರಲ್ಲೂ ಆರು ಮನೆಗಳು, ಆರು ಜನ ರಕ್ತ ಕೊಟ್ಟವರಿಗೆ. ಕೈಯಾಳು ಇದ್ದ ಕಡೆ ಕಪ್ಪು ಗೆರೆ ಮೂಡುತ್ತದೆ.

"ಗೆರೆ ಯಾವ ಮನೇಲಿದೆ, ಹೇಳಿ."

ಅವರು ಕನ್ನಡಕ ಹಣೆಗೇರಿಸಿದರು, ಇಳಿಸಿದರು. "ನಾಲ್ಕರಲ್ಲಿ."

"ಮಿಕ್ಕ ಐದರಲ್ಲಿ?"

"ಇಲ್ಲ."

"ಮೂರು ವಾರವೂ?"

"ಮೂರು ವಾರವೂ."

"ಕೆಳಗೆ ನೋಡಿ. ಬಿಳಿಕಣ ಬೆರೆತಿದ್ರೆ ಇಲ್ಲೊಂದು ಗೆರೆ ಬರಬೇಕಿತ್ತು. ಖಾಲಿ. ನಿಮ್ಮ ಮಾತು ನಿಜ, ರಕ್ತ ಚೊಕ್ಕವಾಗೇ ಇತ್ತು. ಅಂದ್ರೆ ಕೈಯಾಳು ನಾಲ್ಕನೇ ನಂಬರಿನವರ ಕೆಂಪುಕಣದಲ್ಲೇ ಇದ್ದ. ಯಾರು ಈ ನಾಲ್ಕನೇ ನಂಬರು?"

ದೊಡ್ಡಪ್ಪ ಬೆನ್ನು ನೆಟ್ಟಗೆ ಮಾಡಿದರು. "ಅದನ್ನ ಮಾತ್ರ ಕೇಳಬೇಡಿ. ರಕ್ತ ಕೊಟ್ಟೋರ ಹೆಸರು ರಕ್ತ ಎಳೆದೋನಿಗೆ ಮಾತ್ರ ಗೊತ್ತಿರಬೇಕು. ಪರೀಕ್ಷೆ ಮಾಡೋರಿಗೆ ಬರೀ ನಂಬರು. ವಿಚಾರಣೆಯಲ್ಲಿ ಪುಸ್ತಕ ತೆಗೀಬೇಕಾ ಅಂತ ಮುಖ್ಯಸ್ಥರು ಕೇಳಿದಾಗ ಬೇಡ, ನಿಯಮ ನಿಯಮವೇ ಅಂದೋರು ನೀವೇ ಅಲ್ವಾ?"

ಹೌದು. ಅದೂ ನಾನೇ. ಆ ದಿನ ನಾನು ಬಾಯಿ ತೆರೆದಲ್ಲೆಲ್ಲ ಆ ಹುಡುಗಿಗೆ ಒಂದೊಂದು ಬಾಗಿಲು ಮುಚ್ಚಿದೆ.

"ಸರಿ, ಹೆಸರು ಬೇಡ," ಎಂದೆ. "ನಿನ್ನೆ ನಾನೊಬ್ಬರು ರಕ್ತದ ಡಾಕ್ಟರಮ್ಮನ ಹತ್ರ ಹೋಗಿದ್ದೆ. ಎಪ್ಪತ್ತು ದಾಟಿದಾರೆ. ಫಿಲ್ಮು ನೋಡಿ ಅರ್ಧ ನಿಮಿಷದಲ್ಲಿ ನಕ್ಕುಬಿಟ್ರು."

"ನಗೋದೇನಿದೆ?"

"ಕೆಂಪುಕಣ ಹುಟ್ಟೋದು ಮೂಳೆ ಒಳಗೆ. ಎಳೇ ಕಣ ರಕ್ತಕ್ಕೆ ಇಳಿದಾಗ ತವರಿನ ಸಾಮಾನು ಒಂದಿಷ್ಟು ಇನ್ನೂ ಕಂಕುಳಲ್ಲೇ ಇರತ್ತಂತೆ. ಪಂಪು, ಕೈಯಾಳು, ಎಲ್ಲ. ಒಂದೆರಡು ದಿನದಲ್ಲಿ ಬಿಸಾಕಿಬಿಡತ್ತೆ. ಆರೋಗ್ಯವಂತರಲ್ಲಿ ಎಳೇ ಕಣ ನೂರಕ್ಕೊಂದು, ಅಷ್ಟು ಕಡಿಮೆ ಇದ್ರೆ ಗೆರೆ ಮೂಡಲ್ಲ. ಮೂಡಿದೆ ಅಂದ್ರೆ ಆ ಮೈಯಲ್ಲಿ ಎಳೇ ಕಣ ಸಂತೆ ನೆರೆದ ಹಾಗೆ ನೆರೆದಿದೆ. ಅದು ಯಾವಾಗ ಆಗತ್ತೆ?"

ಅವರು ಗಾಜಿನ ನಳಿಕೆಯನ್ನು ಒರೆಸತೊಡಗಿದರು.

"ಎಲ್ಲೋ ರಕ್ತ ಸೋರಿ ಹೋಗಿ, ಕಬ್ಬಿಣದ ಔಷಧ ಶುರು ಮಾಡಿದಾಗ. ಇರುವೆ ಕಂಡದ್ದು ನಿಜ. ಹುಡುಗಿ ತಪ್ಪೂ ಮಾಡಿರ್ಲಿಲ್ಲ, ಮೋಸಾನೂ ಮಾಡಿರ್ಲಿಲ್ಲ. ನಾಲ್ಕನೇ ನಂಬರಿಗೆ ಕಾಯಿಲೆ ಇತ್ತು. ಆರು ವಾರದಲ್ಲಿ ವಾಸಿಯಾಯ್ತು, ಗೆರೆಯೂ ಮಾಯವಾಯ್ತು."

ಕಪಾಟಿನಲ್ಲಿ ಲೇಬಲ್ ಬರೆಯುವ ಪೆನ್ನುಗಳನ್ನು ಒಂದು ಕಂದು ಬಣ್ಣದ ಸೀಸೆಯಲ್ಲಿ ನಿಲ್ಲಿಸಿದ್ದರು. ಏನನ್ನೂ ಎಸೆಯದ ಜಾತಿ ಈ ದೊಡ್ಡಪ್ಪ. ನಾನು ಪೆನ್ನುಗಳನ್ನು ಮೇಜಿನ ಮೇಲೆ ಸುರಿದು ಸೀಸೆಯನ್ನು ತಿರುಗಿಸಿದೆ. ಕಂಪನಿಯ ಚೀಟಿ ಅರ್ಧ ಹರಿದಿತ್ತು. ಔಷಧದಂಗಡಿಯವನ ಚೀಟಿ ಮಾತ್ರ ಗಟ್ಟಿಯಾಗಿ ಅಂಟಿತ್ತು. 'ಊಟದ ನಂತರ ಎರಡು ಚಮಚ.' ಪಕ್ಕದಲ್ಲಿ ತಾರೀಖು. ಇರುವೆಯ ಮೊದಲ ಫಿಲ್ಮಿಗೆ ಸರಿಯಾಗಿ ಐದು ದಿನ ಮುಂಚಿನದು.

"ಹೊಟ್ಟೆಯಲ್ಲಿ ಹುಣ್ಣಾ?" ಎಂದು ಕೇಳಿದೆ.

ದೊಡ್ಡಪ್ಪ ಸ್ಟೂಲಿನ ಮೇಲೆ ಕುಸಿದರು. ಗಟ್ಟಿ ಮನುಷ್ಯ ಹೀಗೆ ಕುಸಿಯುವುದನ್ನು ನೋಡಲು ಕೆಲಸದಲ್ಲಿದ್ದಾಗ ನನಗೆ ಖುಷಿಯಾಗುತ್ತಿತ್ತು. ಅಂದು ಆಗಲಿಲ್ಲ.

"ಎರಡು ತಿಂಗಳು ಕಪ್ಪಗೆ ಹೋಗ್ತಿತ್ತು ಸಾರ್. ಮನೇಲಿ ಹೇಳಿರ್ಲಿಲ್ಲ. ಮೆಟ್ಟಿಲು ಹತ್ತೋಕಾಗದೆ ಇದ್ದಾಗ ಡಾಕ್ಟ್ರ ಹತ್ರ ಹೋದೆ."

"ಪ್ರತಿ ಸೋಮವಾರ ಫಾರಂ ಮೇಲೆ 'ಆರೋಗ್ಯವಾಗಿದ್ದೇನೆ' ಅಂತ ಸಹಿ ಹಾಕ್ತಿದ್ರಲ್ಲ?"

"ಹಾಕ್ತಿದ್ದೆ."

"ಯಾಕೆ?"

ಅವರು ಎದ್ದು ಮೇಲಿನ ಅರೆಯಿಂದ ಒಂದು ದಪ್ಪ ಪುಸ್ತಕ ಇಳಿಸಿದರು. ಯಾರಿಗೂ ತೋರಿಸದ ಪುಸ್ತಕ. ಹಾಳೆಯ ಮೇಲೆ ಹಾಳೆ ತಿರುವುತ್ತಾ ಹೋದರು. ಇಲ್ಲಿ ರಕ್ತ ಕೊಡುವವರು ಇಲ್ಲಿಯ ನೌಕರರೇ, ಆರು ಜನ, ಸೋಮವಾರಕ್ಕೊಮ್ಮೆ ಒಂದು ಸಣ್ಣ ಕೊಳವೆ. ಒಂದನೇ ನಂಬರು ಬದಲಾಗಿತ್ತು, ಎರಡು ಬದಲಾಗಿತ್ತು, ಐದರಲ್ಲಿ ಅಲ್ಲಲ್ಲಿ ಖಾಲಿ ಬಿಟ್ಟಿತ್ತು. ನಾಲ್ಕರ ಸಾಲು ಮಾತ್ರ ಮೂವತ್ತೊಂದು ವರ್ಷದುದ್ದಕ್ಕೂ ದೊಡ್ಡಪ್ಪನ ಒಂದೇ ಸಹಿಯಿಂದ ತುಂಬಿತ್ತು.

"ಒಂದು ಮನೆ ಖಾಲಿ ಇಲ್ಲ ನೋಡಿ. ಜ್ವರ ಬಂದಾಗ್ಲೂ ಬಿಟ್ಟಿಲ್ಲ. ನನ್ನ ಮದುವೆ ಮಾರನೇ ದಿನಾನೂ ಬಂದು ಕೊಟ್ಟಿದೀನಿ. ಬರೋ ವರ್ಷ ಕೆಲಸ ಬಿಡ್ತೀನಿ. ಈ ಸಾಲು ಹೀಗೇ ಮುಗೀಲಿ ಅನ್ನೋದೊಂದೇ ಆಸೆ ಇತ್ತು."

ನನಗೆ ಬೈಯಬೇಕೆನ್ನಿಸಿತು, ಬಾಯಿ ಬರಲಿಲ್ಲ. ನನ್ನದೂ ಒಂದು ಸಾಲು ಇತ್ತಲ್ಲ. ಮೂವತ್ತು ವರ್ಷ ಪೊಲೀಸಿನಲ್ಲಿ ಎಂದೂ ವರದಿ ತಿದ್ದದವನು ಎಂಬ ಹೆಸರು. ಅದಕ್ಕೆ ಕಪ್ಪು ಹತ್ತಬಾರದೆಂದೇ ಇರುವೆಯ ಅಕ್ಕ ಮೊದಲ ಸಲ ಬಂದಾಗ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದೆ. ಎರಡನೇ ಸಲ ಅವರು ಬರುವಷ್ಟರಲ್ಲಿ ಐವತ್ತು ದಿನ ಹಾಳಾಗಿತ್ತು.

"ನಾಲ್ಕರಲ್ಲಿ ಮಾತ್ರ ಗೆರೆ ಬರ್ತಿದೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ವಿಚಾರಣೆ ದಿನ."

"ಬಾಯಿ ಬಿಡಬಹುದಿತ್ತು."

"ಎಳೇ ಕಣದ ವಿಚಾರ ನನಗೇನು ಗೊತ್ತು ಸಾರ್? ನಾನು ತೊಳೆಯೋನು, ಓದಿದೋನಲ್ಲ. ನಂದೇನೋ ಕೆಟ್ಟ ರಕ್ತ, ಅದಕ್ಕೇ ಹೀಗಾಗಿದೆ ಅಂತ ಮಾತ್ರ ಹೊಳೀತು. ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ನೀವು ರಕ್ತ ಚೊಕ್ಕ ಇತ್ತಾ ಅಂದ್ರಿ. ಇತ್ತು ಅಂದೆ. ಕೂತ್ಕೊಳ್ಳಿ ಅಂದ್ರಿ. ಕೂತೆ." ಅವರು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡರು. "ಅವಳು ನನ್ನ ಕಡೆ ನೋಡಿದ್ಲು. ದೊಡ್ಡಪ್ಪ, ಚೆನ್ನಾಗಿ ನೆನಪು ಮಾಡ್ಕೊಳ್ಳಿ ಅಂದ್ಲು. ನಾನು ನೆಲ ನೋಡ್ದೆ."

ಹೊರಗೆ ಓಣಿಯಲ್ಲಿ ಯಾರೋ ಗಾಜಿನ ಸಾಮಾನಿನ ಗಾಡಿ ತಳ್ಳಿಕೊಂಡು ಹೋದರು.

ಇಷ್ಟಕ್ಕೆ ನಾನು ಎದ್ದು ಬರಬಹುದಿತ್ತು. ಹುಡುಗಿಯ ಹೆಸರು ಉಳಿದಿತ್ತು. ಪುಸ್ತಕ, ಸೀಸೆ, ತಪ್ಪೊಪ್ಪಿಗೆ, ಎಲ್ಲ ಕೈಯಲ್ಲಿತ್ತು. ಆದರೆ ಫಿಲ್ಮು ಎತ್ತಿಕೊಳ್ಳುವಾಗ ನನ್ನ ಹಾಳು ತರ್ಕ ಮತ್ತೆ ತಲೆ ಎತ್ತಿತು. ಈ ಸಲ ಅದಕ್ಕೆ ನಾನು ಕೃತಜ್ಞ.

ಮೊದಲ ಫಿಲ್ಮಿನಲ್ಲಿ ಗೆರೆ ಸಣ್ಣದು. ಎರಡನೆಯದರಲ್ಲಿ ಅದಕ್ಕಿಂತ ದಪ್ಪ. ಮೂರನೆಯದು ಕಾಡಿಗೆ ಬಳಿದ ಹಾಗೆ, ಪಕ್ಕದ ಮನೆಗೂ ಚೆಲ್ಲುವಷ್ಟು ಕಪ್ಪು.

"ದೊಡ್ಡಪ್ಪ, ಇದು ಲೆಕ್ಕಕ್ಕೆ ಸಿಗ್ತಾ ಇಲ್ಲ. ಕಬ್ಬಿಣ ಶುರು ಮಾಡಿ ಹತ್ತು ದಿನಕ್ಕೆ ಎಳೇ ಕಣ ಹೆಚ್ಚಾಗಿ, ಆಮೇಲೆ ಇಳಿಯುತ್ತಂತೆ. ಡಾಕ್ಟರಮ್ಮ ಹಾಗೇ ಹೇಳಿದ್ರು. ಮೂರನೇ ವಾರ ಕಡಿಮೆ ಆಗಬೇಕಿತ್ತು. ಇದು ಮೂರು ಪಟ್ಟಾಗಿದೆ. ಆ ವಾರ ಏನಾಯ್ತು?"

ಅವರ ಮುಖದಲ್ಲಿದ್ದ ಅಷ್ಟಿಷ್ಟು ಬಣ್ಣವೂ ಇಳಿಯಿತು.

"ಅದು ಬಿಡಿ ಸಾರ್."

"ಬಿಡೋಕಾಗಲ್ಲ."

"ಅದು..." ಅವರು ಪುಸ್ತಕವನ್ನು ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟರು. "ಆ ಸೋಮವಾರ ಬೆಳಿಗ್ಗೆ ಇಲ್ಲೇ ತಲೆ ಸುತ್ತಿ ಬಿದ್ದೆ. ಸೂಜಿ ಹಾಕಿದ್ರೆ ಒಂದು ಹನಿ ಬರ್ಲಿಲ್ಲ. ನಾಲ್ಕನೇ ಮನೆ ಖಾಲಿ ಬಿಡೋಕೆ ಮನಸ್ಸು ಒಪ್ಪಲಿಲ್ಲ."

"ಬೇರೆಯವರ ರಕ್ತ ಹಾಕಿದ್ರಾ?"

ಹೌದೆಂದು ತಲೆ ಆಡಿಸಿದರು.

"ಯಾರದು?"

"ಈ ಯಂತ್ರದಲ್ಲಿ ಒಂದು ಕಡೆ ಕೊಳವೆ ಇಟ್ರೆ ಎದುರಿಗೆ ಅಷ್ಟೇ ತೂಕದ್ದು ಇನ್ನೊಂದು ಇಡಬೇಕು ಸಾರ್. ಇಲ್ದಿದ್ರೆ ಯಂತ್ರ ಕುಣಿದುಬಿಡತ್ತೆ. ಅದಕ್ಕೆ ಜೋಡಿ ಕೊಳವೆ ಅಂತೀವಿ. ತೂಕ ಸರಿಮಾಡಿದ ಮೇಲೆ ಅದನ್ನ ಚೆಲ್ಲೋದೇ. ಅವತ್ತು ಅವಳೊಬ್ಬಳೇ ಬೇಗ ಬಂದಿದ್ಲು. ಮಗಳೇ, ಜೋಡಿಗೆ ಒಂದು ಕೊಳವೆ ರಕ್ತ ಬೇಕಿತ್ತು, ತೋಳು ಕೊಡ್ತೀಯಾ ಅಂದೆ. ಒಂದು ಮಾತು ಕೇಳದೆ ತೋಳು ಚಾಚಿ ಕೂತ್ಲು. ಅವಳು ಹೋದ ಮೇಲೆ ಅದರ ಮೇಲೆ ನಾಲ್ಕು ಅಂತ ಬರೆದೆ."

"ಯಾರು ದೊಡ್ಡಪ್ಪ? ಅವಳು ಅಂದ್ರೆ ಯಾರು?"

ಗೊತ್ತಿದ್ದೇ ಕೇಳಿದೆ. ಬೇರೆ ಯಾವುದಾದರೂ ಉತ್ತರ ಬರಲಿ ಎಂದು ಕೇಳಿದೆ.

"ಇರುವೆ," ಎಂದರು.

ಅವಳು ತನ್ನ ರಕ್ತವನ್ನೇ ತನಗೆ ತಿಳಿಯದೆ ಪರೀಕ್ಷೆ ಮಾಡಿದ್ದಳು. ಅತಿ ಕಪ್ಪು ಗೆರೆ ಬಂತೆಂದು ಆ ಸಂಜೆ ಎಲ್ಲರಿಗೂ ಸಿಹಿ ಹಂಚಿದ್ದಳೆಂದು ಸಾಕ್ಷಿ ಹೇಳಿಕೆಯಲ್ಲಿ ನಾನೇ ಓದಿದ್ದೆ. ಹುಣ್ಣಿನಿಂದ ರಕ್ತ ಸೋರಿ ತಲೆ ಸುತ್ತಿ ಬಿದ್ದ ಮನುಷ್ಯನದಕ್ಕಿಂತ ಮೂರು ಪಟ್ಟು. ಅವಳಿಗೆ ಕಬ್ಬಿಣವನ್ನು ಯಾರೂ ಕೊಟ್ಟಿರಲಿಲ್ಲ. ಅವಳ ಮೈ ತಾನಾಗಿಯೇ ಹೊಸ ಕಣಗಳನ್ನು ಹೊರಗೆ ನೂಕುತ್ತಿತ್ತು. ಔಷಧವಿಲ್ಲದೆ ಹೀಗಾದರೆ ಹಳೆಯ ಕಣಗಳು ಒಳಗೇ ಒಡೆದು ಹೋಗುತ್ತಿವೆ ಎಂದರ್ಥ ಎಂದು ಡಾಕ್ಟರಮ್ಮ ನಿನ್ನೆಯೇ ಹೇಳಿದ್ದರು.

ಡಾಕ್ಟರಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಹೇಳಿದ್ದೆಲ್ಲ ಕೇಳಿಸಿಕೊಂಡರು. ನಿನ್ನೆಯ ನಗು ಇರಲಿಲ್ಲ.

"ಎಷ್ಟು ದಿನದ ಹಿಂದಿನ ರಕ್ತ?"

"ಐದು ತಿಂಗಳಾಗ್ತಾ ಬಂತು."

"ಚಿಕಿತ್ಸೆ ಸಿಕ್ಕಿದ್ರೆ ಬದುಕೋ ಕಾಯಿಲೆ ಇದು. ಸಿಗದೆ ಇದ್ರೆ ಇಷ್ಟು ದಿನ ಹೇಗೆ ತಳ್ಳಿದಾಳೆ ಅಂತ ನಾನು ಹೇಳಲಾರೆ. ಮೊದಲು ಹುಡುಗೀನ ಹುಡುಕಿ. ಅವಳ ಹೆಸರು ಆಮೇಲೆ ತೊಳೀಬಹುದು."

ದೊಡ್ಡಪ್ಪ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಅವರ ಬೆನ್ನು ತಟ್ಟುವ ಯೋಗ್ಯತೆ ನನಗಿರಲಿಲ್ಲ. ಪುಸ್ತಕವನ್ನು ಬಗಲಿಗೆ ಸೇರಿಸಿಕೊಂಡು ಹೊರಗೆ ಬಂದೆ.

ಮೆಟ್ಟಿಲ ಮೇಲೆ ನಿಂತು ಇರುವೆಯ ಅಕ್ಕನಿಗೆ ಫೋನ್ ಹಚ್ಚಿದೆ. ಅವರದು ಕನ್ನಡಕದ ಅಂಗಡಿ, ಗಾಜು ಉಜ್ಜುವುದು ಅವರೇ. ಅಂಗಡಿಯ ಹಳೇ ಫೋನು ಹತ್ತು ಸಲ ಬಡಿದುಕೊಂಡ ಮೇಲೆ ಎತ್ತಿದರು. ಹಿಂದೆ ಚಕ್ರದ ಕಿರುಗುಟ್ಟುವ ಸದ್ದು.

"ನಿಮ್ಮ ತಂಗಿ ಸುಳ್ಳು ಹೇಳಿರಲಿಲ್ಲ," ಎಂದೆ. "ಅವಳು ಕಂಡದ್ದೆಲ್ಲ ನಿಜ. ಸಾಕ್ಷಿ ಸಿಕ್ತು."

ಚಕ್ರ ನಿಂತಿತು. ಆಮೇಲೆ ಬಂದದ್ದು ಅಳುವೋ ನಗುವೋ ಹೇಳಲಾರೆ. "ನಾನು ಹೇಳ್ಲಿಲ್ವಾ ಸಾರ್? ಚಿಕ್ಕವಳಿದ್ದಾಗ ತಟ್ಟೆ ಒಡೆದ್ರೂ ತಾನೇ ಬಂದು ಹೇಳ್ತಿದ್ಲು. ನಾನು ಹೇಳ್ಲಿಲ್ವಾ?"

ಆ ಸಂತೋಷದ ಮೇಲೆ ನೀರೆರಚುವ ಕೆಲಸವೂ ನನ್ನ ಪಾಲಿಗೇ ಬಂತಲ್ಲ ಎಂದು ಕೊರಗಿದೆ. ಆದರೂ ಹೇಳಿದೆ. ಅವಳಿಗೆ ಕಾಯಿಲೆ ಇದೆ, ರಕ್ತ ಒಡೆಯುವ ಕಾಯಿಲೆ, ತಕ್ಷಣ ಸಿಗಬೇಕು. ಫೋನು, ಕಾಗದ, ಯಾರ ಮೂಲಕವಾದರೂ ಒಂದು ಸುದ್ದಿ, ಏನಾದರೂ ಬಂದಿತ್ತಾ?

ಆ ಕಡೆ ಗಾಜು ಬಿದ್ದು ಒಡೆದ ಸದ್ದಾಯಿತು.

"ಅಮ್ಮಾ, ಕೇಳಿಸ್ತಾ ಇದೆಯಾ?"

"ಮೊನ್ನೆ ಮಧ್ಯಾಹ್ನ ಒಂದು ಫೋನ್ ಬಂದಿತ್ತು." ದನಿ ಬಾವಿಯ ತಳದಿಂದ ಬಂದಂತಿತ್ತು. "ಯಾರೋ ಹೆಂಗಸು. ಆಸ್ಪತ್ರೆಯಿಂದ ಅಂದ್ಲು. ಒಬ್ಬ ಹುಡುಗಿ ಪ್ರಜ್ಞೆ ಇಲ್ಲದೆ ಬಂದಿದಾಳೆ, ಚೀಲದಲ್ಲಿ ನಿಮ್ಮ ಅಂಗಡಿ ಚೀಟಿ ಇತ್ತು, ಯಾರ ರಕ್ತಾನೂ ಹೊಂದ್ತಾ ಇಲ್ಲ, ಒಡಹುಟ್ಟಿದೋರು ಯಾರಾದ್ರೂ ಇದ್ದೀರಾ ಅಂತ ಕೇಳಿದ್ಲು."

"ನೀವೇನಂದ್ರಿ?"

"ಹೋದ ವಾರ ಪತ್ರಿಕೆಯವರು ತಂಗಿ ಸುದ್ದಿ ಕೇಳ್ಕೊಂಡು ಅಂಗಡಿಗೇ ನುಗ್ಗಿ ತಲೆ ತಿಂದಾಗ ನೀವೇ ಹೇಳಿದ್ರಲ್ಲ ಸಾರ್. ಅವರು ಯಾವ ವೇಷದಲ್ಲಾದ್ರೂ ಬರ್ತಾರೆ, ಯಾರೇ ಕೇಳಿದ್ರೂ ನನಗೆ ತಂಗಿಯೇ ಇಲ್ಲ ಅಂದುಬಿಡಿ ಅಂತ. ನೀವೇ ಹೇಳಿದ್ರಿ. ಇದೂ ಅವರದೇ ಆಟ ಅಂದ್ಕೊಂಡೆ."

"ಅಮ್ಮಾ, ಯಾವ ಆಸ್ಪತ್ರೆ?"

"ಅವಳು ಹೇಳೋಕೆ ಹೊರಟಿದ್ಲು," ಎಂದರು ಅಕ್ಕ. "ನಾನು ನನಗೆ ತಂಗಿಯೇ ಇಲ್ಲ ಅಂತ ಫೋನ್ ಇಟ್ಬಿಟ್ಟೆ."